ಗುಲ್‌ಮೊಹರ್ ನೆರಳಿನಲ್ಲಿ

ಗೋಣಿಚೀಲದ ಧೂಳು, ಒಣಮೆಣಸಿನಕಾಯಿಯ ಘಾಟು, ಹುಣಸೆಹಣ್ಣಿನ ಹುಳಿವಾಸನೆ, ಬೆಲ್ಲದ ಅಂಗಡಿಯ ಮುಂದೆ ಗುಂಯ್‌ಗುಡುವ ನೊಣಗಳು, ಸರಕು ಆಟೋಗಳ ಹಾರ್ನ್... ಬೆಂಗಳೂರಿನ ತರಗುಪೇಟೆ ಎಂದರೆ ಇಷ್ಟೇ ಎಂದು ತಿಂಗಳ ದಿನಸಿಗಾಗಿ ಬಂದು ಹೋಗುವವರು ತಿಳಿದುಕೊಂಡಿರುತ್ತಾರೆ. ಅವರದು ತಪ್ಪಲ್ಲ. ಇಲ್ಲಿ ತಲೆಯೆತ್ತಿ ನೋಡಲು ಯಾರಿಗೂ ಪುರುಸೊತ್ತಿಲ್ಲ. ತಲೆಯೆತ್ತಿದರೆ ಎದುರಿನಿಂದ ಬರುವ ಕೈಗಾಡಿ ಕಾಲಿಗೆ ಬಡಿಯುತ್ತದೆ! ಆದರೂ ನಮ್ಮ ಗಲ್ಲಿಯ ಬಾಯಿಗೆ ಬಂದವರು ಏಪ್ರಿಲ್, ಮೇ ತಿಂಗಳಲ್ಲಿ ಒಂದು ಕ್ಷಣ ನಿಂತು ಮೇಲೆ ನೋಡುತ್ತಿದ್ದರು. ಅಲ್ಲೊಂದು ಗುಲ್‌ಮೊಹರ್ ಮರವಿತ್ತು.

ನಾನು ಶಿರಾದಿಂದ ಸೊಸೆಯಾಗಿ ಈ ಗಲ್ಲಿಗೆ ಬಂದದ್ದು 1986ರ ಕೊನೆಯಲ್ಲಿ. ಕೆಳಗೆ ಗೋದಾಮು, ಮೇಲೆ ಮನೆ. ಅಡುಗೆ ಮನೆಗೆ ಒಂದೇ ಕಿಟಕಿ. ಆ ಕಿಟಕಿಯಿಂದ ಬಗ್ಗಿ ನೋಡಿದರೆ ಚರಂಡಿಯ ಪಕ್ಕದಲ್ಲಿ, ಮುಳ್ಳು ಕಟ್ಟಿದ ಬೇಲಿಯೊಳಗೆ ಕೋಲಿನಂಥ ಒಂದು ಸಸಿ. ಅಕ್ಕಿ ತೊಳೆದ ನೀರನ್ನು ಅದಕ್ಕೆ ಹಾಕುವ ಕೆಲಸ ಅತ್ತೆಯವರದು. ಮದುವೆಯಾದ ವಾರಕ್ಕೇ ಅದು ನನ್ನ ಪಾಲಿಗೆ ಬಂತು. ಪಾತ್ರೆ ಹಿಡಿದು ಕೆಳಗಿಳಿಯುವ ಆ ಎರಡು ನಿಮಿಷ ಹೊಸ ಸೊಸೆಗೆ ಹೊರಗಿನ ಗಾಳಿ ಸಿಗುತ್ತಿತ್ತು. ಹಾಗಾಗಿ ಆ ಸಸಿಯ ಮೇಲೆ ನನಗೆ ಮೊದಲಿನಿಂದಲೂ ಪ್ರೀತಿ.

ಅದು ಮೊದಲ ಬಾರಿ ಹೂ ಬಿಟ್ಟದ್ದು ನನ್ನ ಹಿರಿಯ ಮಗಳಿಗೆ ಮೂರು ತುಂಬಿದ ವರ್ಷ. ಒಂದೇ ಒಂದು ಗೊಂಚಲು. ಅತ್ತೆ ಅಕ್ಕಪಕ್ಕದ ಮನೆಯವರನ್ನೆಲ್ಲ ಕರೆದು ತೋರಿಸಿದ್ದರು.

ಟಿಪ್ಪು ತಂದ ಮರವೇ?

“ಇದು ಟಿಪ್ಪು ಸುಲ್ತಾನರು ತರಿಸಿದ ಮರ” ಎಂದು ಅತ್ತೆ ಹೇಳುತ್ತಿದ್ದರು. ನಾನೂ ಬಹಳ ವರ್ಷ ಹಾಗೇ ನಂಬಿದ್ದೆ. ನಂಬಲು ಕಾರಣಗಳೂ ಇದ್ದವು. 1791ರಲ್ಲಿ ಮುಗಿದ ಟಿಪ್ಪುವಿನ ಬೇಸಗೆ ಅರಮನೆ ನಮ್ಮ ಮನೆಯಿಂದ ನಡೆದು ಹೋಗುವಷ್ಟು ಹತ್ತಿರ. ತಂದೆ ಹೈದರಾಲಿ 1760ರಲ್ಲಿ ಲಾಲ್‌ಬಾಗ್ ತೋಟವನ್ನು ಹಾಕಿಸಿದರು. ಅದಕ್ಕೆ ಪ್ರೇರಣೆ ನಮ್ಮ ಶಿರಾದ ಖಾನ್ ಬಾಗ್ ಎಂದು ಹಳೆಯ ಗ್ಯಾಸೆಟಿಯರ್ ಹೇಳುತ್ತದೆ. (ತವರಿನ ವಿಷಯ ಬಂದಾಗ ಇದನ್ನು ಹೇಳದೆ ಇರಲು ನನ್ನಿಂದ ಆಗುವುದಿಲ್ಲ.) ಟಿಪ್ಪುವಿಗಂತೂ ಗಿಡಮರಗಳ ಹುಚ್ಚು. 1788ರಲ್ಲಿ ಫ್ರಾನ್ಸಿನ ದೊರೆ 16ನೇ ಲೂಯಿಯ ಬಳಿಗೆ ಹೋದ ಅವರ ರಾಯಭಾರಿಗಳು ಕುಶಲಕರ್ಮಿಗಳ ಜೊತೆಗೆ ಬೀಜಗಳನ್ನೂ ತೋಟಗಾರರನ್ನೂ ಕೇಳಿದ್ದರು. ಮೇಲಾಗಿ ಮರದ ಹೆಸರೇ ಫಾರಸಿ. ಗುಲ್ ಎಂದರೆ ಹೂ, ಮೊಹರ್ ಎಂದರೆ ಮುದ್ರೆ, ಚಿನ್ನದ ನಾಣ್ಯ. ಇಷ್ಟೆಲ್ಲ ಇರುವಾಗ ಮರ ಸುಲ್ತಾನರದ್ದೇ ಅನ್ನಿಸದೆ ಇರುತ್ತದೆಯೇ?

ಆದರೆ ಲೆಕ್ಕ ಕೂಡುವುದಿಲ್ಲ. ಗುಲ್‌ಮೊಹರ್‌ನ ತವರು ಆಫ್ರಿಕದ ಪಕ್ಕದ ಮಡಗಾಸ್ಕರ್ ದ್ವೀಪ. ಅಲ್ಲಿನ ಒಣ ಕಾಡುಗಳ ಮರ ಅದು. 1820ರ ದಶಕದಲ್ಲಿ ವೆನ್ಸೆಸ್ಲಾಸ್ ಬೋಯರ್ ಎಂಬ ಸಸ್ಯವಿಜ್ಞಾನಿ ಅದನ್ನು ಮಡಗಾಸ್ಕರ್‌ನಲ್ಲಿ ಕಂಡರು. ಮಾರಿಷಸ್‌ನಲ್ಲಿ ನೆಲೆಸಿದ್ದ ಅವರ ಮೂಲಕ ಮರ ಹೊರಜಗತ್ತಿಗೆ ತಿಳಿಯಿತು. ಅದರ ಹೆಸರು, ವರ್ಣನೆ ಅಚ್ಚಾದದ್ದು 1829ರಲ್ಲಿ. ಟಿಪ್ಪು ಹುತಾತ್ಮರಾದದ್ದು 1799ರಲ್ಲಿ. ಭಾರತಕ್ಕೆ ಈ ಮರ ಬಂದದ್ದು 19ನೇ ಶತಮಾನದ ನಡುಭಾಗದ ಹೊತ್ತಿಗೆ. ಫಾರಸಿ ಹೆಸರನ್ನು ಇಲ್ಲಿಗೆ ಬಂದ ಮೇಲೆ ನಮ್ಮ ಜನರೇ ಇಟ್ಟರು. ‘ಗುಲ್‌ಮೋರ್’ ಎಂದು ನವಿಲಿನೊಂದಿಗೆ ಸೇರಿಸಿ ಹೇಳುವವರೂ ಇದ್ದಾರೆ.

ಸಸ್ಯವಿಜ್ಞಾನಿಗಳು ಮೊದಲು ಇದಕ್ಕೆ ಪಾಯಿನ್ಸಿಯಾನ ರೀಜಿಯ ಎಂದು ಹೆಸರಿಟ್ಟರು. 17ನೇ ಶತಮಾನದಲ್ಲಿ ಕೆರಿಬಿಯನ್ ದ್ವೀಪಗಳಲ್ಲಿ ಫ್ರೆಂಚ್ ಗವರ್ನರ್ ಆಗಿದ್ದ ದ ಪ್ವಾಂಸಿಯ ನೆನಪಿನ ಹೆಸರು ಅದು. ಈಗಿನ ಹೆಸರು ಡೆಲೋನಿಕ್ಸ್ ರೀಜಿಯ. ಎದ್ದುಕಾಣುವ ಉಗುರು ಎಂಬ ಅರ್ಥದ ಗ್ರೀಕ್ ಪದಗಳಿಂದ ಬಂದದ್ದು. ಹೂವಿನ ದಳದ ಬುಡ ಉಗುರಿನ ಹಾಗೆ ಸಪೂರವಾಗಿರುವುದೇ ಇದಕ್ಕೆ ಕಾರಣ. ಕನ್ನಡಿಗರು ಇಷ್ಟೆಲ್ಲ ತಲೆ ಕೆಡಿಸಿಕೊಳ್ಳಲಿಲ್ಲ. ಕಾಯಿ ಕತ್ತಿಯ ಹಾಗಿದೆ, ಆದ್ದರಿಂದ ಕತ್ತಿಕಾಯಿ ಮರ. ಹೂಗೊಂಚಲು ಪೇಟದ ತುರಾಯಿಯ ಹಾಗಿದೆ, ಆದ್ದರಿಂದ ಕೆಂಪು ತುರಾಯಿ. ಮೇ ತಿಂಗಳಲ್ಲಿ ಅರಳುತ್ತದೆ, ಆದ್ದರಿಂದ ಮೇ ಫ್ಲವರ್.

ಇದನ್ನೆಲ್ಲ ತಿಳಿದುಕೊಂಡು ಬಂದು ಅತ್ತೆಗೆ ಹೇಳಿದಾಗ ಅವರು ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ, “ಸರಿ ಬೇಟಿ, ಅವರು ಇದ್ದಿದ್ದರೆ ತರಿಸುತ್ತಿದ್ದರು” ಎಂದರು. ಈ ಮಾತಿಗೆ ನನ್ನ ಬಳಿ ಉತ್ತರವಿರಲಿಲ್ಲ. ಈಗಲೂ ಇಲ್ಲ.

ಪೇಟೆಗೆ ಮರ ಬಂದ ಬಗೆ

ತರಗು ಎಂದರೆ ದಲ್ಲಾಳಿ ವ್ಯಾಪಾರ. 1537ರಲ್ಲಿ ಕೆಂಪೇಗೌಡರು ಕಟ್ಟಿದ ಪೇಟೆಯಲ್ಲಿ ಒಂದೊಂದು ವ್ಯಾಪಾರಕ್ಕೆ ಒಂದೊಂದು ಬೀದಿ. ಅಕ್ಕಿಪೇಟೆ, ರಾಗಿಪೇಟೆ, ಅರಳೆಪೇಟೆ, ಬಳೇಪೇಟೆ... ಹೀಗೆ. ಎತ್ತಿನ ಗಾಡಿ ಹೋಗುವಷ್ಟು ಜಾಗ, ಅದರ ಎರಡೂ ಬದಿಗೆ ಗೋಡೆಗೆ ಗೋಡೆ ತಾಗಿದ ಮನೆ-ಅಂಗಡಿ. ಮರ ನೆಡುವುದಕ್ಕೆ ಇಲ್ಲಿ ಯಾರೂ ಜಾಗ ಬಿಟ್ಟಿರಲಿಲ್ಲ. ನಮ್ಮಿಂದ ಸ್ವಲ್ಪ ದೂರ ನಡೆದು ಚಾಮರಾಜಪೇಟೆಗೋ ಬಸವನಗುಡಿಗೋ ಹೋಗಿ ನೋಡಿ, ಬೇರೆಯೇ ಊರಿಗೆ ಬಂದ ಹಾಗೆ ಅನ್ನಿಸುತ್ತದೆ. ಚಾಮರಾಜಪೇಟೆಗೆ 1892ರಲ್ಲಿ ನಕ್ಷೆ ಬರೆದು ಅಗಲ ರಸ್ತೆಗಳನ್ನು ಹಾಕಿದರು. 1898ರಲ್ಲಿ ಪ್ಲೇಗ್ ಬಂದು ಪೇಟೆಯ ಇಕ್ಕಟ್ಟಿನಲ್ಲಿ ಜನ ಸಾಯತೊಡಗಿದ ಮೇಲೆ ಬಸವನಗುಡಿ, ಮಲ್ಲೇಶ್ವರ ಬಡಾವಣೆಗಳು ಎದ್ದವು. ಗಾಳಿ ಬೆಳಕು ಬೇಕು ಎಂದು ಕಟ್ಟಿದ ಊರುಗಳಾದ್ದರಿಂದ ಅಲ್ಲಿ ಮನೆಯ ಮುಂದೆ ಅಂಗಳ, ರಸ್ತೆಯ ಬದಿಗೆ ಸಾಲುಮರ.

ಬೆಂಗಳೂರಿನ ಸಾಲುಮರಗಳ ಮಾತು ಬಂದಾಗ ಜರ್ಮನಿಯಲ್ಲಿ ಹುಟ್ಟಿದ ಕೃಂಬಿಗಲ್ ಅವರನ್ನು ನೆನೆಯಬೇಕು. 1908ರಲ್ಲಿ ಮೈಸೂರು ಸಂಸ್ಥಾನಕ್ಕೆ ಬಂದು ಲಾಲ್‌ಬಾಗ್‌ನ ಹೊಣೆ ಹೊತ್ತರು. 1956ರಲ್ಲಿ ತೀರಿಕೊಂಡದ್ದೂ ಬೆಂಗಳೂರಿನಲ್ಲೇ. ಒಂದು ಜಾತಿಯ ಮರದ ಹೂ ಮುಗಿಯುವ ಹೊತ್ತಿಗೆ ಮತ್ತೊಂದು ಜಾತಿ ಅರಳಬೇಕು, ಊರಿನಲ್ಲಿ ವರ್ಷವಿಡೀ ಎಲ್ಲಾದರೂ ಹೂ ಇರಬೇಕು ಎಂಬುದು ಅವರ ಯೋಚನೆ. ಬೇಸಗೆಗೆ ಮುಂಚೆ ಗುಲಾಬಿ ಬಣ್ಣದ ಟಬೆಬುಯ, ಆಮೇಲೆ ಹಳದಿ ಟಬೆಬುಯ, ನೇರಳೆ ಬಣ್ಣದ ಜಕರಾಂಡ, ಬಿಸಿಲು ಕಾವೇರಿದಾಗ ಗುಲ್‌ಮೊಹರ್. ಈ ಸರದಿಯನ್ನು ಬೆಂಗಳೂರಿನವರು ಇಂದಿಗೂ ನೋಡುತ್ತಾರೆ.

ನಮ್ಮ ಪೇಟೆಯಂಥ ಕಡೆಗೆ ಸಸಿ ಬಂದದ್ದು ಬಹಳ ತಡವಾಗಿ. ಅರಣ್ಯಾಧಿಕಾರಿ ಎಸ್.ಜಿ. ನೇಗಿನಹಾಳ ಅವರ ನೇತೃತ್ವದಲ್ಲಿ 1982ರಿಂದ ಐದು ವರ್ಷಗಳಲ್ಲಿ ಬೆಂಗಳೂರಿನಲ್ಲಿ ಸುಮಾರು 15 ಲಕ್ಷ ಗಿಡಗಳನ್ನು ನೆಡಲಾಯಿತು. ನಮ್ಮ ಗಲ್ಲಿಯ ಸಸಿ ಆ ಲೆಕ್ಕದಲ್ಲಿ ಸೇರಿತ್ತೋ, ಯಾರೋ ಪುಣ್ಯಾತ್ಮರು ತಾವಾಗಿ ತಂದು ನೆಟ್ಟರೋ, ಅತ್ತೆಗೂ ನೆನಪಿರಲಿಲ್ಲ. ಆ ದಿನಗಳಲ್ಲಿ ಸಸಿ ನೆಡುವುದು ಊರಿಗೇ ಅಂಟಿದ ಹುಮ್ಮಸ್ಸಾಗಿತ್ತು ಎಂದಷ್ಟೇ ಅವರು ಹೇಳುತ್ತಿದ್ದರು.

ಹೂವು, ಕಾಯಿ, ಮಕ್ಕಳು

ಗುಲ್‌ಮೊಹರ್ ಹೂವನ್ನು ದೂರದಿಂದ ಕೆಂಪು ರಾಶಿಯಾಗಿ ನೋಡಿದವರೇ ಹೆಚ್ಚು. ಒಮ್ಮೆ ಕೈಯಲ್ಲಿ ಹಿಡಿದು ನೋಡಿ. ಅಂಗೈ ತುಂಬುವ ಹೂ. ಐದು ದಳಗಳಲ್ಲಿ ನಾಲ್ಕು ಕೆಂಪು. ಐದನೆಯದು ಸ್ವಲ್ಪ ದೊಡ್ಡದು, ನೆಟ್ಟಗೆ ನಿಂತಿರುತ್ತದೆ. ಬಿಳಿ-ಹಳದಿ ಮೈಮೇಲೆ ಕೆಂಪು ಗೀರುಗಳು, ಯಾರೋ ಸಣ್ಣ ಕುಂಚದಿಂದ ಎಳೆದ ಹಾಗೆ. ದಳಗಳ ಕೆಳಗಿನ ಪುಷ್ಪಪತ್ರ ಹೊರಗೆ ಹಸಿರು, ಒಳಗೆ ಕೆಂಪು. ಮಧ್ಯದಲ್ಲಿ ಹತ್ತು ಉದ್ದನೆಯ ಕೇಸರಗಳು. ಇಷ್ಟು ಕೆಲಸ ಒಂದು ಹೂವಿನಲ್ಲಿ! ಅಂಥ ಸಾವಿರಾರು ಹೂಗಳು ಸರಕು ಆಟೋಗಳ ಚಕ್ರಕ್ಕೆ ಸಿಕ್ಕಿ ಹೋಗುತ್ತಿದ್ದವು. ಸೃಷ್ಟಿಕರ್ತನ ಧಾರಾಳತನ ಎಂದರೆ ಏನೆಂದು ನನಗೆ ಅರ್ಥವಾದದ್ದು ಬೆಳಿಗ್ಗೆ ಮನೆಯ ಮೆಟ್ಟಿಲು ಗುಡಿಸುವಾಗ.

ಎಲೆಯನ್ನೂ ಗಮನಿಸಬೇಕು. ಜರಿಯಂಥ ಪುಟ್ಟ ಪುಟ್ಟ ಎಲೆಗಳು ಕತ್ತಲಾದೊಡನೆ ಮಡಚಿಕೊಳ್ಳುತ್ತವೆ. ಮಗ್ರಿಬ್ ಹೊತ್ತಿಗೆ ಮರ ಬಡವಾದ ಹಾಗೆ ಕಾಣುತ್ತಿತ್ತು. ಬೆಳಗಿಗೆ ಮತ್ತೆ ಬಿಚ್ಚಿಕೊಳ್ಳುತ್ತಿತ್ತು. ಬೇಸಗೆಯ ಆರಂಭದಲ್ಲಿ ಈ ಎಲೆಗಳು ಉದುರಿ ತಾರಸಿಯ ನೀರಿನ ಕೊಳವೆಗೆ ಹೋಗಿ ಕಟ್ಟಿಕೊಳ್ಳುವುದು ನಮ್ಮ ಮನೆಯ ವಾರ್ಷಿಕ ತಲೆನೋವು. ಹೂವಿನ ಗುಣಗಾನ ಮಾಡುವವರು ಇದನ್ನು ಬರೆಯುವುದಿಲ್ಲ.

ಮಕ್ಕಳಿಗೆ ಈ ಮರದಲ್ಲಿ ಬೇಡದ್ದು ಯಾವುದೂ ಇರಲಿಲ್ಲ. ಕೇಸರಗಳ ತುದಿಯನ್ನು ಒಂದಕ್ಕೊಂದು ಸಿಕ್ಕಿಸಿ ಎಳೆದು ಕೋಳಿ ಜಗಳ ಆಡುತ್ತಿದ್ದರು. ಯಾರ ಕೇಸರದ ತಲೆ ಕಳಚಿತೋ ಅವರು ಸೋತ ಹಾಗೆ. ಹೆಣ್ಣು ಮಕ್ಕಳು ಪುಷ್ಪಪತ್ರವನ್ನು ಉಗುರಿಗೆ ಅಂಟಿಸಿಕೊಂಡು ಬೇಗಮ್ ಆಗುತ್ತಿದ್ದರು. ಒಣಗಿದ ಕಾಯಿ ಒಂದೂವರೆ ಅಡಿಯಿಂದ ಎರಡು ಅಡಿ ಉದ್ದ, ಮರದ ಹಲಗೆಯಷ್ಟು ಗಟ್ಟಿ. ಅಲ್ಲಾಡಿಸಿದರೆ ಒಳಗಿನ ಬೀಜ ಗಲಗಲ ಎನ್ನುತ್ತದೆ. ಗಂಡು ಹುಡುಗರಿಗೆ ಅದು ತಲ್ವಾರ್. ನನ್ನ ಮಗ ಅದರಿಂದ ಬೀಸಿ ತಂಗಿಯ ಹಣೆಗೆ ಗಾಯ ಮಾಡಿದ್ದೂ ಉಂಟು.

ಆದರೆ ಈ ಮರವನ್ನು ನಿಜವಾಗಿ ಬಳಸಿಕೊಂಡವರು ಬೇರೆಯೇ ಇದ್ದರು. ಚೀಲ ಇಳಿಸುವಾಗ, ಏರಿಸುವಾಗ ರಸ್ತೆಗೆ ಒಂದಿಷ್ಟು ಕಾಳು ಚೆಲ್ಲುತ್ತದೆ. ಅದನ್ನು ಗುಡಿಸಿ ಒಟ್ಟುಮಾಡಿ, ಕಲ್ಲು-ಮಣ್ಣು ಕೇರಿ ತೆಗೆದು, ತೊಗರಿ ಬೇರೆ, ಕಡಲೆ ಬೇರೆ, ಅಕ್ಕಿ ಬೇರೆ ಮಾಡಿ ಮಾರುವ ಹೆಂಗಸರು ಧಾನ್ಯದ ಪೇಟೆಗಳಲ್ಲಿ ಇರುತ್ತಾರೆ. ನಮ್ಮ ಗಲ್ಲಿಯಲ್ಲಿ ಅಂಥ ನಾಲ್ಕೈದು ಜನ. ಅವರಿಗೆ ಅಂಗಡಿಯಿಲ್ಲ, ಸೂರಿಲ್ಲ, ಫ್ಯಾನಿಲ್ಲ. ಮರವೇ ಅವರ ಕಚೇರಿ. ಬೆಳಿಗ್ಗೆ ಹತ್ತಕ್ಕೆ ಮೊರ ಹಿಡಿದು ಬಂದು ಕೂತರೆ ನೆರಳು ಸರಿದ ಹಾಗೆ ಅವರೂ ಸರಿಯುತ್ತ, ಸಂಜೆಯ ತನಕ ಮರದ ಸುತ್ತ ಅರ್ಧ ಪ್ರದಕ್ಷಿಣೆ ಹಾಕುತ್ತಿದ್ದರು. ಅವರಲ್ಲಿ ಹಿರಿಯಾಕೆಯನ್ನು ನಮ್ಮತ್ತೆ “ಅಕ್ಕ” ಎಂದು ಕರೆಯುತ್ತಿದ್ದರು. ಮಧ್ಯಾಹ್ನದ ಚಹಾ ನಮ್ಮ ಮನೆಯಿಂದ ಹೋಗುತ್ತಿತ್ತು.

ನಮ್ಮ ತಿಂಗಳುಗಳು ಚಂದ್ರನ ಲೆಕ್ಕದವು. ಗುಲ್‌ಮೊಹರ್‌ನದು ಸೂರ್ಯನ ಲೆಕ್ಕ. ರಮಝಾನ್ ಪ್ರತಿ ವರ್ಷ ಹತ್ತು-ಹನ್ನೊಂದು ದಿನ ಹಿಂದೆ ಬರುತ್ತದೆ. ಹೀಗಾಗಿ ಉಪವಾಸವೂ ಈ ಹೂವೂ ಕೂಡಿ ಬಂದರೆ ಕೆಲವು ವರ್ಷ ಒಟ್ಟಿಗಿದ್ದು ಅಗಲುತ್ತವೆ. ಮತ್ತೆ ಸೇರಲು ಸುಮಾರು 33 ವರ್ಷ ಬೇಕು. ಮದುವೆಯಾದ ಮೇಲೆ ನನ್ನ ಮೊದಲ ರಮಝಾನ್ 1987ರ ಮೇ ತಿಂಗಳಲ್ಲಿ ಬಂತು. ಆಗ ಸಸಿಗೆ ಹೂ ಬಿಡುವ ವಯಸ್ಸಾಗಿರಲಿಲ್ಲ. ಮತ್ತೆ ಮೇ ತಿಂಗಳಿಗೆ ಸರಿಯಾಗಿ ರಮಝಾನ್ ಬಂದ 2020ರಲ್ಲಿ ಮರ ಮಾಳಿಗೆಯನ್ನು ಮೀರಿ ಬೆಳೆದಿತ್ತು. ಅದು ಲಾಕ್‌ಡೌನ್ ವರ್ಷ. ಮಸೀದಿಗಳಲ್ಲಿ ಸಾಮೂಹಿಕ ನಮಾಝ್ ಇಲ್ಲ, ಇಫ್ತಾರ್‌ಗೆ ನೆಂಟರಿಲ್ಲ. ಗಲ್ಲಿಯಲ್ಲಿ ಗಾಡಿಗಳ ಓಡಾಟ ಕಡಿಮೆಯಾದ್ದರಿಂದ ಉದುರಿದ ದಳಗಳು ಜಜ್ಜಿಹೋಗದೆ ಹಾಗೇ ಬಿದ್ದಿರುತ್ತಿದ್ದವು. ಅಸರ್ ಕಳೆದ ಮೇಲೆ ಅತ್ತೆ ಕಿಟಕಿಯ ಬಳಿ ಕುರ್ಚಿ ಹಾಕಿಸಿಕೊಂಡು ಕೂರುತ್ತಿದ್ದರು. ಮೊರದ ಹೆಂಗಸರು ಆ ಎರಡು ತಿಂಗಳು ಕಾಣಲಿಲ್ಲ. “ಅಕ್ಕ ಏನು ತಿನ್ನುತ್ತಿದ್ದಾಳೋ” ಎಂದು ಅತ್ತೆ ದಿನವೂ ಕೇಳುವರು. ಆಕೆಯ ವಠಾರ ಪತ್ತೆಮಾಡಿ ಆ ಸಲದ ಫಿತ್ರ್ ಝಕಾತ್‌ನ ಅಕ್ಕಿಯನ್ನು ಅಲ್ಲಿಗೇ ಕಳುಹಿಸಿದೆವು.

ಕೊಂಬೆ ಬಿದ್ದ ಸಂಜೆ

ಈಗ ಹೇಳಲು ಕಷ್ಟವಾದ ಭಾಗಕ್ಕೆ ಬರುತ್ತೇನೆ.

ಗುಲ್‌ಮೊಹರ್ ಬೇಗ ಬೆಳೆಯುವ ಮರ. ಬೇಗ ಬೆಳೆಯುವುದರಿಂದ ಅದರ ಕಟ್ಟಿಗೆ ಬಲವಿಲ್ಲದ್ದು. ಎತ್ತರಕ್ಕಿಂತ ಅಗಲಕ್ಕೆ ಹರಡುವ ಛತ್ರಿಯಂಥ ತಲೆ. ಬೇರುಗಳು ಆಳಕ್ಕೆ ಇಳಿಯುವುದಕ್ಕಿಂತ ನೆಲದ ಮೇಲ್ಪದರದಲ್ಲೇ ದೂರ ದೂರಕ್ಕೆ ಚಾಚುತ್ತವೆ. ಬಯಲಿನಲ್ಲಿ ಇದರಿಂದ ತೊಂದರೆಯಿಲ್ಲ. ಅಗಲ ಹರಡಿದ ಬೇರೇ ಅಗಲ ಹರಡಿದ ತಲೆಯನ್ನು ಹಿಡಿದು ನಿಲ್ಲಿಸುತ್ತದೆ. ಗಲ್ಲಿಯಲ್ಲಿ? ಒಂದು ಕಡೆ ಚರಂಡಿ, ಇನ್ನೊಂದು ಕಡೆ ಕಟ್ಟಡದ ಪಾಯ. ವರ್ಷಗಳ ಹಿಂದೆ ಚರಂಡಿ ಅಗಲ ಮಾಡಲು ಬಂದವರು ಆ ಬದಿಯ ಬೇರುಗಳನ್ನು ಕಡಿದು ಹಾಕಿದರು. ರಸ್ತೆಗೆ ಕಾಂಕ್ರೀಟ್ ಹಾಕಿದವರು ಕಾಂಡಕ್ಕೆ ತಾಗುವ ಹಾಗೆ ಸುರಿದರು. ಆಗ ನಾವೆಲ್ಲ ಕಿಟಕಿಯಿಂದ ನೋಡುತ್ತಲೇ ಇದ್ದೆವು. ಕೆಸರು ಹೋಗಿ ಗಟ್ಟಿ ನೆಲ ಬಂತಲ್ಲ ಎಂದು ಸಂತೋಷವೂ ಪಟ್ಟೆವು. ಇದರಲ್ಲಿ ನಮ್ಮ ಪಾಲೂ ಇದೆ. ಅಂಗಡಿಯ ಬೋರ್ಡಿಗೆಂದು ಹೊಡೆದ ಮೊಳೆಗಳು, ಕೇಬಲ್ ತಂತಿಯ ಬಿಗಿ ಕಟ್ಟುಗಳು ಬೇರೆ.

ದಿಲ್ಲಿಯ ಮರಗಳ ವಿಷಯದಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2013ರಲ್ಲೇ ಒಂದು ಆದೇಶ ಕೊಟ್ಟಿತ್ತು: ಮರದ ಬುಡದ ಸುತ್ತ ಒಂದು ಮೀಟರ್‌ವರೆಗಿನ ಕಾಂಕ್ರೀಟ್ ತೆಗೆಯಬೇಕು. ಬೇರಿಗೆ ನೀರೂ ಬೇಕು, ಗಾಳಿಯೂ ಬೇಕು. ಎರಡನ್ನೂ ಮುಚ್ಚಿದರೆ ಮರ ಮೇಲೆ ಹೂ ಬಿಡುತ್ತಲೇ ಒಳಗೆ ಕೊಳೆಯುತ್ತದೆ. ಅದರ ಮೇಲೆ ಬೆಂಗಳೂರಿನ ಮುಂಗಾರು ಪೂರ್ವ ಮಳೆ ಬರುವುದು ಏಪ್ರಿಲ್-ಮೇ ತಿಂಗಳಲ್ಲಿ, ಬಿರುಗಾಳಿಯೊಂದಿಗೆ. ಗುಲ್‌ಮೊಹರ್‌ನ ತಲೆ ಹೊಸ ಎಲೆ, ಹೂಗೊಂಚಲುಗಳಿಂದ ತೂಕವಾಗಿರುವುದೂ ಅದೇ ಹೊತ್ತಿನಲ್ಲಿ. ಪ್ರತಿ ಬೇಸಗೆಯೂ ಪತ್ರಿಕೆಗಳಲ್ಲಿ ಉರುಳಿದ ಮರಗಳ ಚಿತ್ರ ನೋಡುತ್ತೀರಲ್ಲ, ಅವುಗಳ ಕೆಳಗೆ ಎಷ್ಟೋ ಸಲ ಕೆಂಪು ಹೂ ಚೆಲ್ಲಿರುತ್ತದೆ.

2022ರ ಮೇ ತಿಂಗಳ ಒಂದು ಸಂಜೆ ಗಾಳಿ ಎದ್ದಿತು. ಮೊದಲ ಹನಿ ಬೀಳುತ್ತಲೇ ಮೊರದ ಹೆಂಗಸರು ಕಾಳು ಗಂಟು ಕಟ್ಟಿಕೊಂಡು ಎದುರಿನ ಅಂಗಡಿಯ ಜಗಲಿಗೆ ಓಡಿದರು. ಹತ್ತು ನಿಮಿಷವೂ ಆಗಿರಲಿಲ್ಲ, ಗುಂಡು ಹೊಡೆದಂಥ ಸದ್ದು. ಆನೆಯ ಕಾಲಿನಷ್ಟು ದಪ್ಪದ ಕೊಂಬೆ ಸೀಳಿ ಕೆಳಗೆ ಬಿದ್ದಿತ್ತು. ಅವರು ಕೂತಿದ್ದ ಜಾಗದಲ್ಲೇ! ಒಂದು ಕೈಗಾಡಿ ಚೂರುಚೂರಾಗಿತ್ತು. ಅದರ ಮೇಲೆ ಮಧ್ಯಾಹ್ನವೆಲ್ಲ ಮಲಗುತ್ತಿದ್ದ ಹಮಾಲಿ ಹುಡುಗ ಆಗಷ್ಟೇ ಚಹಾಕ್ಕೆ ಹೋಗಿದ್ದ. ಅಲ್‌ಹಮ್ದುಲಿಲ್ಲಾಹ್, ಯಾರಿಗೂ ಏನೂ ಆಗಲಿಲ್ಲ.

ಮರುದಿನ ಗಲ್ಲಿ ಎರಡಾಯಿತು. ಮರ ಕಡಿಸಲೇಬೇಕು ಎಂದು ಅಂಗಡಿಯವರು. ಕೊಂಬೆ ಸವರಿಸಿದರೆ ಸಾಕು ಎಂದು ನಮ್ಮತ್ತೆ. ನನ್ನ ಪತಿ ಅಂಗಡಿಯವರ ಪಕ್ಷ. ನಾನು ಎರಡೂ ಕಡೆ ತಲೆಯಾಡಿಸುತ್ತಿದ್ದೆ. ಗಿಡ ನೆಟ್ಟರೆ ಅದರಿಂದ ಮನುಷ್ಯರೋ ಪ್ರಾಣಿ ಪಕ್ಷಿಗಳೋ ತಿಂದದ್ದೆಲ್ಲ ನೆಟ್ಟವರ ಪಾಲಿಗೆ ದಾನವಾಗುತ್ತದೆಂದು ಪ್ರವಾದಿವರ್ಯರು(ಸ) ಕಲಿಸಿದ್ದಾರೆ. ದಾರಿಯಲ್ಲಿ ಜನರಿಗೆ ಅಪಾಯ ಮಾಡುವಂಥದ್ದನ್ನು ಸರಿಸುವುದೂ ದಾನವೆಂದು ಅವರೇ ಕಲಿಸಿದ್ದಾರೆ. ಮೂವತ್ತೈದು ವರ್ಷ ಅಕ್ಕಿ ತೊಳೆದ ನೀರು ಹಾಕಿ ಬೆಳೆಸಿದ್ದು ಮೊದಲನೆಯದು ಎಂದುಕೊಂಡಿದ್ದೆ. ಅದು ಈಗ ಎರಡನೆಯದಾಗಿ ನಮ್ಮ ಮುಂದೆ ನಿಂತಿತ್ತು.

ಈ ಚರ್ಚೆಯಲ್ಲಿ ಮೊರದ ಹೆಂಗಸರನ್ನು ಯಾರೂ ಕೇಳಿರಲಿಲ್ಲ. ಚಹಾ ಕೊಡಲು ಹೋದಾಗ ನಾನೇ ಕೇಳಿದೆ. “ಬಿದ್ರೆ ಸಾಯೋರು ನಾವು, ಕಡಿದ್ರೆ ಬಿಸಿಲಲ್ಲಿ ಕೂರೋರೂ ನಾವು. ನಮ್ಮನ್ನೇನ್ ಕೇಳ್ತೀಯಮ್ಮ?” ಎಂದರು ಹಿರಿಯಾಕೆ.

1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆಯ ಪ್ರಕಾರ ನಗರದಲ್ಲಿ ಮರ ಕಡಿಯಲು ವೃಕ್ಷಾಧಿಕಾರಿಯ ಅನುಮತಿ ಬೇಕು. ನಮ್ಮ ಮನೆಯ ಮುಂದಿನದು, ನಾವೇ ನೀರು ಹಾಕಿದ್ದು ಎಂದರೆ ನಡೆಯುವುದಿಲ್ಲ. ಅರ್ಜಿ ಕೊಟ್ಟ ಮೇಲೆ ಪರೀಕ್ಷೆಗೆ ಬಂದವರು ತಾಳ್ಮೆಯ ಮನುಷ್ಯ. ಕಾಂಡವನ್ನು ಕೋಲಿನಿಂದ ಅಲ್ಲಲ್ಲಿ ಕುಟ್ಟಿದರು. ಚರಂಡಿಯ ಬದಿಗೆ ಡೋಲಿನ ಹಾಗೆ ಟೊಳ್ಳು ಸದ್ದು. ಬುಡದಲ್ಲಿ ಅಣಬೆಗಳಿದ್ದವು. ಎರಡು ವರ್ಷದಿಂದ ಅವನ್ನು ನಾವು ನೋಡಿದ್ದೆವು, ಮಳೆಗಾಲದಲ್ಲಿ ಬರುವಂಥದ್ದೇ ಎಂದುಕೊಂಡಿದ್ದೆವು. ಒಳಗಿನ ಕಟ್ಟಿಗೆ ಕೊಳೆತಿದೆಯೆಂದು ಮರ ಕೊಟ್ಟ ಸೂಚನೆ ಅದು. ನಿಮ್ಮ ಮನೆಯ ಹತ್ತಿರ ದೊಡ್ಡ ಮರವಿದ್ದರೆ ಮಳೆಗಾಲಕ್ಕೆ ಮುಂಚೆ ಒಮ್ಮೆ ಸುತ್ತ ನಡೆದು ನೋಡಿ. ಬುಡದಲ್ಲಿ ಅಣಬೆ, ಒಂದು ಬದಿಗೆ ಮಣ್ಣು ಬಿರಿದಿರುವುದು, ಹೊಸದಾಗಿ ವಾಲಿರುವುದು, ಎಲ್ಲ ಕೊಂಬೆ ಚಿಗುರಿದರೂ ಚಿಗುರದ ಕೊಂಬೆ, ಇಂಥದ್ದೇನಾದರೂ ಕಂಡರೆ ಪಾಲಿಕೆಯ ಅರಣ್ಯ ವಿಭಾಗಕ್ಕೆ ಬರೆದು ಕೊಡಿ. ಹೇಳಿ ಬಂದರೆ ಸಾಲದು, ಬರೆದೇ ಕೊಡಿ.

ಒಂದು ಭಾನುವಾರ ಮರ ಇಳಿಸಿದರು. ಅತ್ತೆ ಒಳಕೋಣೆಯಿಂದ ಹೊರಗೆ ಬರಲಿಲ್ಲ. ಸಂಜೆ ಕೆಳಗಿಳಿದು ನೋಡಿದರೆ ಕಾಂಡದ ನಡುವೆ ನನ್ನ ಕೈ ಹೋಗುವಷ್ಟು ಪೊಳ್ಳು. ನಾನು ಎರಡು ಕತ್ತಿಕಾಯಿಗಳನ್ನು ಆಯ್ದುಕೊಂಡು ಬಂದೆ.

ಎಲ್ಲಿ ಯಾವ ಮರ

ಮರಕ್ಕೆ ದೋಷ ಹೇಳುವುದು ಸುಲಭ. ತಪ್ಪಾದದ್ದು ಜಾಗದ ಆಯ್ಕೆ. ಗುಲ್‌ಮೊಹರ್ ನೆಡಬೇಕೆನ್ನುವವರಿಗೆ ಬಯಲು ಬೇಕು. ಹೊಲದ ಬದು, ಶಾಲೆಯ ಮೈದಾನದ ಅಂಚು, ದೊಡ್ಡ ತೋಟ ಇಂಥ ಕಡೆ. ಮನೆ, ಕಾಂಪೌಂಡ್, ಚರಂಡಿ, ಕರೆಂಟ್ ತಂತಿ ಇವುಗಳಿಂದ ಇಪ್ಪತ್ತು ಇಪ್ಪತ್ತೈದು ಅಡಿಯಾದರೂ ದೂರವಿರಲಿ. ಬೀಜದ ಸಿಪ್ಪೆ ಕಲ್ಲಿನ ಹಾಗೆ. ಕುದಿಸಿ ಇಳಿಸಿದ ಬಿಸಿನೀರನ್ನು ಅದರ ಮೇಲೆ ಸುರಿದು ರಾತ್ರಿಯಿಡೀ ಬಿಡಿ. ಉಬ್ಬಿದವನ್ನು ಮಾತ್ರ ಬಿತ್ತಿ. ಉಬ್ಬದೆ ಉಳಿದವನ್ನು ಉಗುರು ಕತ್ತರಿಯಿಂದ ಅಂಚಿನಲ್ಲಿ ತುಸು ಗೀರಿ ಮತ್ತೆ ನೆನೆಸಬಹುದು. ಬೀಜದಿಂದ ಬೆಳೆದ ಗಿಡ ಹೂ ಬಿಡಲು ಐದಾರು ವರ್ಷವಾದರೂ ಕಾಯಬೇಕು.

ಜಾಗವಿಲ್ಲದ ಮನೆಗಳವರು ನಿರಾಶರಾಗಬೇಕಿಲ್ಲ. ರತ್ನಗಂಧಿ ಎಂಬ ಗಿಡ ನಿಮಗೆ ಗೊತ್ತಿರಬಹುದು. ಗುಲ್‌ಮೊಹರ್‌ನ ಚಿಕ್ಕ ತಂಗಿಯ ಹಾಗಿದೆ, ಅದೇ ಬಗೆಯ ಎಲೆ, ಕೆಂಪು-ಹಳದಿ ಹೂ. ಆಳೆತ್ತರ, ಹೆಚ್ಚೆಂದರೆ ಅದಕ್ಕಿಂತ ಸ್ವಲ್ಪ ಮೇಲೆ. ದೊಡ್ಡ ಕುಂಡದಲ್ಲಿ, ಬಿಸಿಲು ಬೀಳುವ ತಾರಸಿಯಲ್ಲಿ ಚೆನ್ನಾಗಿ ಬರುತ್ತದೆ. ಸಣ್ಣ ಮುಳ್ಳಿರುತ್ತದೆ, ಮಕ್ಕಳಿರುವ ಮನೆಯವರು ಗಮನಿಸಿ. ಊರ ಕಡೆ ಜಮೀನಿರುವವರು ನಮ್ಮದೇ ಮುತ್ತುಗವನ್ನೂ ನೆನೆಯಲಿ. ಗುಲ್‌ಮೊಹರ್‌ಗಿಂತ ಮುಂಚೆ, ಬೇಸಗೆ ಕಾಲಿಡುವಾಗಲೇ ಎಲೆಯುದುರಿ ಮೈತುಂಬ ಕಿತ್ತಳೆ-ಕೆಂಪು ಹೂ. ಅದರ ಎಲೆಯಲ್ಲಿ ಊಟ ಮಾಡಿದವರು ನಾವು. ದೂರದ ದ್ವೀಪದ ಮರಕ್ಕೆ ಸಿಕ್ಕ ಮರ್ಯಾದೆ ಅದಕ್ಕೆ ಸಿಕ್ಕಿಲ್ಲವಲ್ಲ ಎಂದು ನನಗೆ ಬೇಸರ. ಹಾಗೆಂದು ಗುಲ್‌ಮೊಹರ್ ಮೇಲಿನ ಪ್ರೀತಿಯೇನೂ ಕಡಿಮೆಯಾಗಿಲ್ಲ.

ನಮ್ಮ ಗಲ್ಲಿಯಲ್ಲಿ 2023ರ ಬೇಸಗೆ ನೆರಳಿಲ್ಲದೆ ಕಳೆಯಿತು. ಮೊರದ ಹೆಂಗಸರು ನಾಲ್ಕು ಕೋಲಿಗೆ ಪ್ಲಾಸ್ಟಿಕ್ ಹಾಳೆ ಕಟ್ಟಿಕೊಂಡರು. ಅದರ ಕೆಳಗೆ ಬಿಸಿಲಿಗಿಂತ ಹೆಚ್ಚು ಸೆಕೆ. ಇಬ್ಬರು ಆ ವರ್ಷವೇ ಬರುವುದನ್ನು ಬಿಟ್ಟರು. ಮಳೆಗಾಲ ಶುರುವಾದಾಗ ಅದೇ ಜಾಗದಲ್ಲಿ ಹೊಂಗೆ ಸಸಿ ನೆಟ್ಟೆವು. ಈ ಸಲ ಸಸಿಗಿಂತ ಮೊದಲು ಗುಂಡಿಗಾಗಿ ಜಗಳವಾಡಿದ್ದಾಯಿತು. ಬುಡದ ಸುತ್ತ ಮೂರಡಿ ಮಣ್ಣು ಬಿಡಲೇಬೇಕೆಂದು ಅತ್ತೆ ಹಟ ಹಿಡಿದರು. ಅದಕ್ಕಾಗಿ ಎದುರಿನ ಬೇಳೆ ಅಂಗಡಿಯವರು ತಮ್ಮ ಒಂದು ಮೆಟ್ಟಿಲು ಒಡೆಸಬೇಕಾಯಿತು. ಒಡೆಸಿದರು. ಎಂಬತ್ತು ದಾಟಿದ ಹೆಂಗಸಿನ ಎದುರು ಅವರಿಗೆ ಇಲ್ಲವೆನ್ನಲಾಗಲಿಲ್ಲ.

ಆ ಎರಡು ಕತ್ತಿಕಾಯಿಗಳ ಬೀಜ ಶಿರಾಕ್ಕೆ ಹೋಯಿತು. ನನ್ನ ತಮ್ಮನ ಹೊಲದ ಬದುವಿನಲ್ಲಿ ಬಿತ್ತಿದ ಬೀಜಗಳಲ್ಲಿ ಮೂರು ಉಳಿದಿವೆ. ಒಣ ಕಾಡಿನ ಮರವಲ್ಲವೇ, ಶಿರಾದ ಬಿಸಿಲು ಅದಕ್ಕೆ ಹಿಡಿಸಿದ ಹಾಗಿದೆ. ತಮ್ಮ ಫೋನಿನಲ್ಲಿ ಚಿತ್ರ ಕಳುಹಿಸುತ್ತಿರುತ್ತಾನೆ. ಆಳನ್ನು ಮೀರಿ ಬೆಳೆದಿವೆ, ಹೂ ಇನ್ನೂ ಬಂದಿಲ್ಲ. ಅತ್ತೆ ಆ ಚಿತ್ರಗಳನ್ನು ದೊಡ್ಡದು ಮಾಡಿ ತೋರಿಸೆಂದು ಕೇಳುತ್ತಾರೆ.

ಗಲ್ಲಿಯ ಹೊಂಗೆ ಈಗ ಕೆಳಗಿನ ಗೋದಾಮಿನ ಬಾಗಿಲಷ್ಟು ಎತ್ತರವಾಗಿದೆ. ಕಳೆದ ಬೇಸಗೆಯಲ್ಲಿ ಒಂದು ಮಧ್ಯಾಹ್ನ ಚಹಾ ಕೊಡಲು ಇಳಿದಾಗ ನೋಡಿದೆ, ಹಿರಿಯಾಕೆ ಅದರ ಪಕ್ಕಕ್ಕೆ ಬಂದು ಕೂತಿದ್ದರು. ನೆರಳು ಮೊರದ ಮೇಲಷ್ಟೇ ಬೀಳುತ್ತಿತ್ತು. ಆಕೆ ಇನ್ನೂ ಬಿಸಿಲಿನಲ್ಲೇ ಇದ್ದರು.